ಗ್ರನಾಶ್ ನಿಂತುಹೋದ ಬೇಸಿಗೆ

ಗೂಗಲ್ ಎಂಬ ಊರಿನ ಕಡೆಯ ತೋಟದಿಂದ ಬಂದ ಲಾರಿಯ ಹಿಂಬಾಗಿಲು ತೆರೆದಾಗ ನಾನು ಮೊದಲ ಕ್ರೇಟಿನ ಮೇಲೆ ಬಾಗಿ ಉಸಿರು ಎಳೆದುಕೊಂಡೆ. ವೈನ್ ಮಾಡುವವರಿಗೆ ಸುಗ್ಗಿಯ ಮೊದಲ ಕೆಲಸ ಅದೇ. ಅಳೆಯುವ ಸಾಧನಗಳೆಲ್ಲ ಆಮೇಲೆ. ಹಣ್ಣು ಸರಿಯಾಗಿ ಮಾಗಿದೆಯೋ, ದಾರಿಯಲ್ಲಿ ಜಜ್ಜಿ ಹುಳಿಯತೊಡಗಿದೆಯೋ ಎನ್ನುವುದನ್ನು ಮೂಗು ಒಂದೇ ಉಸಿರಿಗೆ ಹೇಳಿಬಿಡುತ್ತದೆ.

ಆ ದಿನ ನನ್ನ ಮೂಗು ಏನೂ ಹೇಳಲಿಲ್ಲ.

ಇನ್ನೊಂದು ಕ್ರೇಟು ನೋಡಿದೆ, ಮತ್ತೊಂದು ನೋಡಿದೆ. ಹಣ್ಣು ಕಣ್ಣೆದುರಿಗಿತ್ತು, ಅಂಗೈಗೆ ಅಂಟುತ್ತಿತ್ತು. ವಾಸನೆ ಮಾತ್ರ ಗೋಡೆಯಾಚೆ ಉಳಿದಿತ್ತು. ಎರಡು ದಿನದಿಂದ ಜ್ವರವಿತ್ತು, ಮೂಗು ಕಟ್ಟಿದೆ ಅಂದುಕೊಂಡೆ.

"ಹೆಂಗ ಅದಾವ್ರಿ ಮೇಡಮ್?" ಎಂದು ಟ್ಯಾಂಕುಗಳನ್ನು ನೋಡಿಕೊಳ್ಳುವ, ಕುರ್ಡಿ ಊರಿನ ಕೆಲಸಗಾರ ಕೇಳಿದ. ಅವನು ನನಗಿಂತ ಹತ್ತಾರು ವರ್ಷ ದೊಡ್ಡವನು. ನಮ್ಮ ವೈನರಿ ಶುರುವಾದಾಗಿನಿಂದ ಇದ್ದವನು.

"ನೋಡಾಕ ಚಲೋ ಅದಾವ. ಇಳಸ್ರಿ," ಎಂದೆ.

ಅಂದು ಬಂದದ್ದು ಗ್ರನಾಶ್. ಕೆಂಪು ವೈನಿಗೆ ಬೆಳೆಯುವ ತಳಿಗಳಲ್ಲಿ ಬಿಸಿಲಿಗೆ ಹೆದರದ ತಳಿ ಅದು. ಬೇರೆ ತಳಿಗಳ ಎಲೆ ಮಧ್ಯಾಹ್ನಕ್ಕೆ ಜೋತುಬಿದ್ದರೂ ಇದರದು ಸೆಟೆದು ನಿಂತಿರುತ್ತದೆ. ಆದರೆ ಸಿಪ್ಪೆ ತೆಳು, ಬಣ್ಣ ಕಡಿಮೆ. ಮಾಗುವ ಕೊನೆಯ ವಾರದಲ್ಲಿ ಸಕ್ಕರೆ ಹಿಡಿತವಿಲ್ಲದೆ ಏರುತ್ತದೆ. ಸಕ್ಕರೆ ಹೆಚ್ಚಾದರೆ ಅದನ್ನೆಲ್ಲ ತಿಂದು ಮದ್ಯವಾಗಿಸಬೇಕಾದ ಯೀಸ್ಟ್ ಅರ್ಧ ದಾರಿಯಲ್ಲೇ ಸುಸ್ತಾಗುತ್ತದೆ. ಗಾಳಿ ತಾಗಿದರೆ ವೈನು ಬೇಗ ಕಂದಿಹೋಗುತ್ತದೆ. ಎಲ್ಲ ಸರಿಹೋದರೆ ಮಾತ್ರ ತಿಳಿಗೆಂಪಿನ, ಎಲಚಿಯಂಥ ಬಾರಿಹಣ್ಣು ಮತ್ತು ಮೆಣಸಿನ ವಾಸನೆಯ ವೈನು ಸಿಗುತ್ತದೆ. ಅಂಥದ್ದನ್ನು ನಾನು ಓದುವ ಕಾಲದಲ್ಲಿ ಒಮ್ಮೆ ರುಚಿ ನೋಡಿದ್ದೆ. ರಾಯಚೂರಿನ ಬಿಸಿಲಿಗೆ ಹೇಳಿ ಮಾಡಿಸಿದ ತಳಿ ಇದೇ ಎಂದು ಆಗಲೇ ಅನಿಸಿತ್ತು.

ವೈನರಿಯ ಯಜಮಾನರನ್ನು ಒಪ್ಪಿಸಿ, ದೇವದುರ್ಗ ತಾಲೂಕಿನಲ್ಲಿ ಹೊಳೆಯಿಂದ ಮೇಲಕ್ಕೆ ಏರುವ ಸಣ್ಣಕಲ್ಲು ತುಂಬಿದ ಒಂದು ಗರಸು ನೆಲದಲ್ಲಿ ಬಳ್ಳಿ ಹಾಕಿಸಿದ್ದವಳು ನಾನೇ. ನೆಲ ಕುರಿ ಸಾಕುವ ಒಂದು ಕುಟುಂಬದ್ದು. ಗಂಡ ಕುರಿಯ ಹಿಂದೆ, ಹೆಂಡತಿ ಬಳ್ಳಿಯ ಹಿಂದೆ. ಬಳ್ಳಿ, ಕಲ್ಲುಕಂಬ, ತಂತಿ ಎಲ್ಲ ಕಂಪನಿಯದು. ಮೊದಲ ಸುಗ್ಗಿಯ ವೈನು ನೀರಿನಂತೆ ತೆಳ್ಳಗಾಯಿತು. ಎರಡನೆಯದು ಬಾಟಲಿಯಲ್ಲೇ ಕಂದಿತು. ಮೂರನೆಯ ಸುಗ್ಗಿಗೆ ಮುಂಚೆ ಯಜಮಾನರು ರಾಯಚೂರಿನ ಆಫೀಸಿಗೆ ಕರೆಸಿ ಹೇಳಿದ್ದರು: "ಈ ಸಲ ಒಂದ ನೋಡೂಣು. ಇದೂ ಖರಾಬ್ ಆತಂದ್ರ ಬಳ್ಳಿ ಕೀಳಸ್ತೀನಿ. ಕಂಬ, ತಂತಿ ಬ್ಯಾರೆ ತೋಟಕ್ಕ ಬೇಕಾಗ್ಯಾವ."

ಅದಕ್ಕಾಗಿಯೇ ನಾನು ಈ ಸಲ ಕೊಯ್ಲು ತಡಮಾಡಿದ್ದೆ. ಬೀಜ ಕಂದುಬಣ್ಣಕ್ಕೆ ತಿರುಗುವವರೆಗೆ, ಸಿಪ್ಪೆಗೆ ಬಣ್ಣ ತುಂಬುವವರೆಗೆ ಕಾದೆ. ಆ ವಾರವೇ ಬಿಸಿಲು ಏರಿತು. ಕೊಯ್ಯುವ ಹೊತ್ತಿಗೆ ಸಕ್ಕರೆ ನನ್ನ ಅಂದಾಜಿಗಿಂತ ಬಹಳ ಮೇಲೆ ಹೋಗಿತ್ತು.

ಹಣ್ಣು ಬಿಡಿಸಿ, ಲಘುವಾಗಿ ಒಡೆದು, ಸಿಪ್ಪೆಯ ಸಮೇತ ಎರಡು ಟ್ಯಾಂಕುಗಳಿಗೆ ತುಂಬಿದೆವು. ಮೇಲಿನ ಸಾಲುಗಳದು ಒಂದನೇ ಟ್ಯಾಂಕಿಗೆ, ಹೊಳೆಯ ಕಡೆಯ ಕೆಳಗಿನ ಸಾಲುಗಳದು ಎರಡನೆಯದಕ್ಕೆ. ಯೀಸ್ಟ್ ಹಾಕಿದ ಮರುದಿನವೇ ರಸ ಕುದಿಯುವಂತೆ ಉಕ್ಕತೊಡಗಿತು. ಸಿಪ್ಪೆಗಳು ಮೇಲೆದ್ದು ದಪ್ಪ ಪದರವಾದವು. ಕೆಳಗಿನ ರಸವನ್ನು ಪಂಪಿನಿಂದ ಎತ್ತಿ ಆ ಪದರದ ಮೇಲೆ ಸುರಿಯುವುದು ದಿನವಿಡೀ ನಡೆಯುತ್ತಿತ್ತು. ಜ್ವರದಲ್ಲೇ ಶಾಲು ಹೊದ್ದು ನಿಂತು ಮಾಡಿಸಿದೆ. ಮೂಗಿನ ಬಗ್ಗೆ ಯೋಚಿಸಲು ಬಿಡುವಿರಲಿಲ್ಲ.

ಆ ಬಿಡುವು ಮಾನ್ವಿಯ ಮನೆಯಲ್ಲಿ ಸಿಕ್ಕಿತು. ನಮ್ಮದು ವೈಷ್ಣವರ ಮನೆ. ಅಪ್ಪ ಗುಡಿಯ ಸೇವೆಯಲ್ಲಿದ್ದರು. ಅಮ್ಮ ಮಠದ ದೊಡ್ಡ ಅಡುಗೆಗಳಿಗೂ ಹೋಗುತ್ತಿದ್ದವಳು. ನನ್ನ ಕೆಲಸವನ್ನು ಅಮ್ಮ ಬಂಧುಗಳಿಗೆ "ದ್ರಾಕ್ಷಿ ಕಂಪನಿ" ಎಂದಷ್ಟೇ ಹೇಳುತ್ತಿದ್ದಳು. ನಾನು ಹಿತ್ತಲ ಬಾಗಿಲಿನಿಂದ ಬಂದು, ಬಟ್ಟೆ ನೆನೆಹಾಕಿ, ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕು. ವೈನನ್ನು ನಾನು ಕುಡಿಯುವವಳಲ್ಲ, ಬಾಯಲ್ಲಿ ಹಿಡಿದು ಉಗುಳುತ್ತೇನೆ ಎಂದು ಒಮ್ಮೆ ಹೇಳಿದ್ದೆ. "ಅದೂ ನನ್ನ ಮುಂದ ಹೇಳಬ್ಯಾಡ," ಎಂದಿದ್ದಳು.

ಆ ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದೆ. ಒಲೆಯ ಮೇಲೆ ಹಾಲಿತ್ತು. ಅಮ್ಮ ಹೂವು ಬಿಡಿಸಿಕೊಂಡು ಬಂದವಳೇ ಓಡಿಹೋಗಿ ಗ್ಯಾಸ್ ಆರಿಸಿದಳು.

"ಹಾಲು ಸೀದು ಓಣಿತನಾ ವಾಸನಿ ಬಂದದ. ಇಲ್ಲೇ ಕೂತೀದಿ, ಗೊತ್ತಾಗಲಿಲ್ಲೇನು?"

ನಾನು ಪಾತ್ರೆಯ ತಳ ನೋಡಿದೆ. ಕಪ್ಪಾಗಿತ್ತು. ಎದ್ದು ಹೋಗಿ ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿದೆ. ಏನೂ ಇಲ್ಲ. ಮರುದಿನ ವೈನರಿಯಲ್ಲಿ ಗಂಧಕದ ಪುಡಿಯ ಡಬ್ಬಿ ತೆರೆದೆ. ಅದರ ಘಾಟಿಗೆ ಎಂಥವರೂ ಹಿಂದೆ ಸರಿಯುತ್ತಾರೆ. ನನ್ನ ಕಣ್ಣಲ್ಲಿ ನೀರು ಸುರಿಯಿತು, ಗಂಟಲು ಕಟ್ಟಿತು. ವಾಸನೆ ಮಾತ್ರ ಇಲ್ಲ.

ರಾಯಚೂರಿನ ವೈದ್ಯರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, "ಜ್ವರದಿಂದ ಹಿಂಗ ಆಗ್ತದಮ್ಮ. ಬರಬಹುದು. ಯಾವಾಗ ಅಂತ ಹೇಳಾಕ ಬರಂಗಿಲ್ಲ," ಎಂದರು. ನಾನು ಮಾಡುವ ಕೆಲಸ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಅಲ್ಲಿಂದಲೇ ಯಜಮಾನರ ಆಫೀಸಿಗೆ ಹೋಗಿ ತಿಳಿಸಿದೆ. ಅವರು ನಾಲ್ಕೈದು ಕಡೆ ಫೋನ್ ಮಾಡಿದರು. ಸುಗ್ಗಿಯ ಕಾಲ, ವಿಜಯಪುರದ ಕಡೆಯ ವೈನ್ ತಯಾರಕರೆಲ್ಲ ತಮ್ಮ ತಮ್ಮ ಟ್ಯಾಂಕಿನ ಮುಂದೆ ನಿಂತಿದ್ದರು. ಯಾರೂ ಬರುವಂತಿರಲಿಲ್ಲ. "ನಡಸ್ಕೊಂಡು ಹೋಗ್ರಿ," ಎಂದರು ಯಜಮಾನರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಮಾಧಾನವಾಗುತ್ತಿತ್ತೇನೋ.

ಅದೇ ಮಧ್ಯಾಹ್ನ ನಾನು ವೈನರಿಗೆ ಮರಳುವ ಹೊತ್ತಿಗೆ ಕೆಲಸಗಾರ ಗೇಟಿನಲ್ಲೇ ನಿಂತಿದ್ದ.

"ಚಿಲ್ಲರ್ ಬಂದ್ ಆಗ್ಯಾದ್ರಿ. ಕರೆಂಟು ಹೋಗಿ ಬಂತು. ಬಂದಕೂಡಲೆ ಢಂ ಅಂತು."

ಟ್ಯಾಂಕುಗಳ ಸುತ್ತ ತಣ್ಣೀರು ಹರಿಸುವ ಯಂತ್ರದ ಕಂಪ್ರೆಸರ್ ಸುಟ್ಟಿತ್ತು. ಹುದುಗುವ ರಸ ತಾನೇ ಶಾಖ ಹುಟ್ಟಿಸುತ್ತದೆ. ಹೊರಗೆ ಮಾರ್ಚಿನ ಬಿಸಿಲು, ಮೇಲೆ ತಗಡಿನ ಛಾವಣಿ. ಥರ್ಮಾಮೀಟರಿನ ಮುಳ್ಳು ನೋಡುತ್ತಿದ್ದಂತೆ ಮೇಲೇರುತ್ತಿತ್ತು. ಮೂವತ್ತೈದು ಡಿಗ್ರಿ ದಾಟಿದರೆ ಯೀಸ್ಟ್ ಸಾಯತೊಡಗುತ್ತದೆ. ಕೆಲಸಗಾರನನ್ನು ಟೆಂಪೋ ಕೊಟ್ಟು ರಾಯಚೂರಿನ ಐಸ್ ಫ್ಯಾಕ್ಟರಿಗೆ ಓಡಿಸಿದೆ. ಉಳಿದವರು ಗೋಣಿಚೀಲ ನೆನೆಸಿ ಟ್ಯಾಂಕಿಗೆ ಸುತ್ತಿದೆವು. ಸುತ್ತಿದ ಚೀಲ ಕೈ ತೆಗೆಯುವಷ್ಟರಲ್ಲಿ ಬಿಸಿಯಾಗುತ್ತಿತ್ತು. ಐಸಿನ ಹಲಗೆಗಳು ಬಂದಾಗ ಒಡೆದು ಸ್ಟೀಲಿನ ಕ್ಯಾನುಗಳಲ್ಲಿ ತುಂಬಿ, ಹಗ್ಗ ಕಟ್ಟಿ ರಸದೊಳಗೆ ಇಳಿಬಿಟ್ಟೆವು. ಕ್ಯಾನು ಇಳಿದಲ್ಲಿ ಒಂದಿಷ್ಟು ತಣ್ಣಗಾಗುತ್ತಿತ್ತು, ಸಿಪ್ಪೆಯ ಪದರದ ಒಳಗೆ ಕೈ ಇಟ್ಟರೆ ಸುಡುತ್ತಿತ್ತು. ಮುಳ್ಳು ಮೂವತ್ತೆಂಟರಲ್ಲಿ ನಿಂತಿತು, ಇಳಿಯಲಿಲ್ಲ.

ಮೆಕ್ಯಾನಿಕ್ ಬಂದು ಯಂತ್ರ ಸರಿಮಾಡುವ ಹೊತ್ತಿಗೆ ಟ್ಯಾಂಕುಗಳಲ್ಲಿ ಸದ್ದಡಗಿತ್ತು.

ಹೈಡ್ರೋಮೀಟರ್ ಎನ್ನುವುದು ರಸದಲ್ಲಿ ತೇಲಿ, ಉಳಿದಿರುವ ಸಕ್ಕರೆಯನ್ನು ತೋರಿಸುವ ಗಾಜಿನ ಕಡ್ಡಿ. ಸಕ್ಕರೆ ಕಡಿಮೆಯಾದಂತೆ ಅದು ದಿನದಿನಕ್ಕೆ ಕೆಳಗಿಳಿಯಬೇಕು. ಅದು ಒಂದೇ ಗೆರೆಯಲ್ಲಿ ನಿಂತುಬಿಟ್ಟಿತು. ಬೆಳಿಗ್ಗೆ ಅದೇ ಗೆರೆ, ಸಂಜೆಯೂ ಅದೇ. ಒಳಗಿದ್ದದ್ದು ಈಗ ರಸವೂ ಅಲ್ಲ, ವೈನೂ ಅಲ್ಲ. ಅರ್ಧ ಸಿಹಿ, ಅರ್ಧ ಮದ್ಯ. ಹೀಗೆ ನಿಂತದ್ದು ಬೆಚ್ಚಗಿನ ಜಾಗದಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಕಾಯುತ್ತಲೇ ಇರುತ್ತದೆ. ಅದು ಬಂದಿತೋ ಇಲ್ಲವೋ ಎಂದು ಮೊದಲು ಹೇಳುವುದು ಮೂಗು. ಹೊರ ಊರಿನ ಲ್ಯಾಬಿಗೆ ಮಾದರಿ ಕಳಿಸಿದ್ದೆ, ಉತ್ತರ ಬರಲು ದಿನಗಳು ಬೇಕಿತ್ತು.

ಮೊದಲ ಕೆಲಸ, ಸಿಪ್ಪೆಯನ್ನು ಬೇರೆ ಮಾಡುವುದು. ನಮ್ಮ ಹಿಂಡುವ ಯಂತ್ರ ಚಿಕ್ಕದು. ಒಮ್ಮೆಗೆ ಒಂದು ಟ್ಯಾಂಕು. ಒಂದನೆಯದನ್ನು ಮೊದಲು ಹಿಂಡಿದೆವು. ಎರಡನೆಯದರ ಸಿಪ್ಪೆ ಇನ್ನೊಂದು ದಿನ ಒಳಗಿನ್ನೂ ಆರದ ಶಾಖದಲ್ಲೇ ಕಾಯಬೇಕಾಯಿತು.

ಎರಡನೆಯ ಕೆಲಸ, ಹೊಸ ಯೀಸ್ಟ್ ಹಾಕಿ ಮತ್ತೆ ಎಬ್ಬಿಸುವುದು. ಸ್ಟೋರಿನಲ್ಲಿದ್ದ ಪ್ಯಾಕೆಟನ್ನು ಬೆಚ್ಚನೆಯ ನೀರಲ್ಲಿ ಕರಗಿಸಿದೆ. ನೊರೆ ಏಳಬೇಕಿತ್ತು. ಬಟ್ಟಲಲ್ಲಿ ಕೆಸರಿನಂತೆ ಕೂತಿತು. ಇನ್ನೊಂದು ಪ್ಯಾಕೆಟು ಒಡೆದೆ, ಅದೂ ಹಾಗೆಯೇ. ಕರೆಂಟು ಹೋದ ದಿನ ಸ್ಟೋರಿನ ಫ್ರಿಜ್ ಕೂಡ ನಿಂತಿತ್ತು. ಟ್ಯಾಂಕುಗಳ ಗದ್ದಲದಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ಯೀಸ್ಟ್ ಅದರೊಳಗೇ ಬೆಂದುಹೋಗಿತ್ತು.

ನಾನು ಸ್ಟೋರಿನ ನೆಲದ ಮೇಲೆ ಕೂತುಬಿಟ್ಟೆ. ಅಳು ಬರಲಿಲ್ಲ. ಕೆಲಸಗಾರ ಬಾಗಿಲಲ್ಲಿ ನಿಂತು, "ನೆಲ ಬಿಸಿ ಅದ, ಮ್ಯಾಲ ಕುಂದ್ರಿ," ಎಂದ.

"ನೀವರೆ ವಾಸನಿ ನೋಡ್ರಿ. ಹುಳಿ ವಾಸನಿ ಬರಾಕತ್ತೇತೇನು?"

ಅವನು ಎರಡೂ ಟ್ಯಾಂಕು ಹತ್ತಿ ಇಳಿದು ಬಂದು ತಲೆ ಕೆರೆದುಕೊಂಡ. "ನಾ ಹುಡುಗ ಇದ್ದಾಗಿಂದ ತಂಬಾಕು ತಿಂತೀನ್ರಿ. ನನಗ ಎಲ್ಲಾ ಅದರಂಗ ಬಡೀತದ. ಸುಳ್ಳು ಹೇಳಿ ನಿಮ್ಮನ್ನ ಮುಣುಗಸಬಾರ್ದು."

ವಿಜಯಪುರದ ಕಡೆಯ ವೈನರಿಯಲ್ಲಿ ನನ್ನ ಜೊತೆ ಓದಿದವನೊಬ್ಬನಿದ್ದ. ಅವನು ತನ್ನ ಯೀಸ್ಟಿನಲ್ಲಿ ಪಾಲು ಕೊಡಲು ಒಪ್ಪಿದ. ಐಸ್ ಪೆಟ್ಟಿಗೆ ಹಿಡಿದು ಕೆಲಸಗಾರನೇ ಹೊರಟ. ನಾನು ಎರಡು ಬಾಟಲಿಗಳಲ್ಲಿ ಎರಡು ಟ್ಯಾಂಕುಗಳ ಮಾದರಿ ತುಂಬಿಕೊಂಡು ಮಾನ್ವಿಗೆ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ತುಪ್ಪ ಹದ ತಪ್ಪಿದ್ದನ್ನು ಪಡಸಾಲೆಯಲ್ಲಿ ಕೂತೇ ಹೇಳುವ ಮೂಗೊಂದು ನಮ್ಮ ಮನೆಯಲ್ಲಿದೆ.

ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಬಾಟಲಿ ಕಂಡೊಡನೆ ಎರಡು ಹೆಜ್ಜೆ ಹಿಂದೆ ಸರಿದಳು.

"ಏನಿದು? ಮನಿಗೆ ತಂದೀಯಲ್ಲ!"

"ಮನಿಯೊಳಗ ತರಂಗಿಲ್ಲಮ್ಮಾ. ಇಲ್ಲೇ ನಿಂತು ಮೂಸಿ ನೋಡು, ಅಷ್ಟ. ಮುಟ್ಟಬ್ಯಾಡ, ನಾನ ಹಿಡೀತೀನಿ."

"ನನಗ್ಯಾಕ ಹೇಳ್ತೀ ಇದನ್ನ? ಬ್ಯಾರೆ ಯಾರೂ ಇಲ್ಲೇನು?"

"ಇಲ್ಲ."

ಅಮ್ಮ ನನ್ನ ಮುಖ ನೋಡಿದಳು. ಜ್ವರ ಬಿಟ್ಟು ವಾರವಾಗಿದ್ದರೂ ನಾನು ಊಟ ಮಾಡುತ್ತಿರಲಿಲ್ಲ. ಎಲ್ಲವೂ ಬೇಯಿಸಿದ ಕಾಗದದಂತೆ ಇರುತ್ತಿತ್ತು. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, ಕತ್ತು ಮಾತ್ರ ಮುಂದೆ ಚಾಚಿದಳು. ಒಂದು ಬಾಟಲಿ ಮೂಸಿದಳು, ಇನ್ನೊಂದು ಮೂಸಿದಳು.

"ಎರಡೂ ಒಂದ ನಮೂನಿ ಅದಾವ. ಕಾದುಹೋಗ್ಯಾವ, ಬಿಸಿಲಾಗ ತಂದೀದಿ."

ನಿಜ. ಸ್ಕೂಟರಿನ ಡಿಕ್ಕಿಯಲ್ಲಿ ಬಾಟಲಿಗಳು ಕುದಿಯುವಂತಾಗಿದ್ದವು. ಆ ವಾಸನೆಯಿಂದ ಏನನ್ನೂ ತೀರ್ಮಾನಿಸುವಂತಿರಲಿಲ್ಲ. ನಾನು ಎರಡನ್ನೂ ತೆಂಗಿನ ಗಿಡದ ಬುಡಕ್ಕೆ ಸುರಿಯಲು ಹೋದೆ.

"ಅಲ್ಲಿ ಬ್ಯಾಡ," ಎಂದಳು ಅಮ್ಮ. ಉಳಿದ ಬಟ್ಟೆಯನ್ನು ಕೊಡವಿ ಹಗ್ಗಕ್ಕೆ ಹಾಕುತ್ತ, "ನಾಳೆ ಏಕಾದಶಿ ಅಲ್ಲ ಏನಲ್ಲ. ನಾನ ಬರ್ತೀನಿ ನಡಿ. ಅಲ್ಲೇ ನೋಡತೀನಿ," ಎಂದಳು.

ಮರುದಿನ ಬೆಳಿಗ್ಗೆ ನನ್ನ ಸ್ಕೂಟರಿನ ಹಿಂದೆ ಕೂತು ಅಮ್ಮ ವೈನರಿಗೆ ಬಂದಳು. ನಾನು ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದೇ ಮೊದಲ ಸಲ. ಮನೆಯಿಂದ ನೀರಿನ ತಂಬಿಗೆ ತಂದಿದ್ದಳು. ಗೇಟಿನೊಳಗೆ ಕಾಲಿಟ್ಟೊಡನೆ ಸೆರಗು ಮೂಗಿಗೆ ಹೋಯಿತು; ಮತ್ತೆ ತಾನೇ ತೆಗೆದಳು. ಮುಚ್ಚಿಕೊಂಡರೆ ಬಂದ ಕೆಲಸವಾಗುವುದಿಲ್ಲವಲ್ಲ.

ಕಬ್ಬಿಣದ ಏಣಿಯನ್ನು ನಾನು ಕೆಳಗೆ ಹಿಡಿದುಕೊಂಡೆ. ಅಮ್ಮ ಒಂದೊಂದೇ ಮೆಟ್ಟಿಲು ಹತ್ತಿದಳು. ಒಂದನೇ ಟ್ಯಾಂಕಿನ ಮುಚ್ಚಳ ತೆರೆದಿಟ್ಟಿದ್ದೆ. ಅವಳು ಬಾಗಿ, ಕಣ್ಣು ಮುಚ್ಚಿ, ಅಡುಗೆಯ ಕೊಪ್ಪರಿಗೆಯ ಮುಂದೆ ನಿಲ್ಲುವಂತೆಯೇ ನಿಂತಳು.

"ಪಾಕ ಹದಾ ಮೀರಿದಂಗ ಅದ. ಬೆಲ್ಲದ ಪಾಕ. ಒಣಗಿಸಿದ ಬಾರಿಹಣ್ಣು... ಹಿಂದಿಂದ ಮೆಣಸಿನಕಾಳು ಬಂತು ನೋಡು."

"ಹುಳಿ?"

"ಹುಣಚಿಹಣ್ಣಿನ ಹುಳಿ ಅದ. ಕೆಟ್ಟ ಹುಳಿ ಅಲ್ಲ. ಇದು ಕೆಟ್ಟಿಲ್ಲ ಬಿಡು."

ಅಮ್ಮ ಇಳಿದು, ಎರಡನೇ ಟ್ಯಾಂಕಿನ ಏಣಿ ಹತ್ತಿದಳು. ಬಾಗಿದವಳೇ ತಲೆ ಹಿಂದಕ್ಕೆಳೆದುಕೊಂಡಳು.

"ಹುಡುಗ್ಯಾರು ಉಗುರಿಗೆ ಹಚ್ಕೋತಾರಲ್ಲ ಬಣ್ಣ, ಅದರ ವಾಸನಿ. ಕಣ್ಣಿಗೆ ಹೋಗ್ತದ."

"ಇನ್ನೊಮ್ಮೆ ನೋಡಮ್ಮಾ. ಖಾತ್ರಿ ಬೇಕು ನನಗ."

ಬೈಯದೆ ಮತ್ತೆ ಬಾಗಿದಳು. ಈ ಸಲ ಹೆಚ್ಚು ಹೊತ್ತು. "ಅದ. ಅದರ ಕೆಳಗ ಹಳೇ ಉಪ್ಪಿನಕಾಯಿ ಬುರುಸು ಹಿಡಿದಂಗ. ಇದು ಆಗಿಹೋತು."

ಉಗುರು ಬಣ್ಣದ ವಾಸನೆ ಎಂದರೆ ವಿನೆಗರಿನ ಬ್ಯಾಕ್ಟೀರಿಯಾ ಕೆಲಸ ಶುರುಮಾಡಿದೆ ಎಂದೇ ಅರ್ಥ. ನನಗೆ ಮೂಗಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಆಗ ಅದು ನನ್ನದೇ ಮಾತಾಗುತ್ತಿತ್ತು. ಈಗ ಇನ್ನೊಬ್ಬರ ಉಸಿರಿನ ಮೇಲೆ ಇಡೀ ಸುಗ್ಗಿಯನ್ನು ನಿಲ್ಲಿಸಬೇಕಿತ್ತು.

ಯಜಮಾನರಿಗೆ ಫೋನ್ ಮಾಡಿದೆ.

"ಎರಡೂ ಕೂಡಿಸಿಬಿಡ್ರಿ," ಎಂದರು. "ಒಂದರ ಹುಳಿ ಇನ್ನೊಂದರಾಗ ಮುಚ್ಚಿಹೋಗ್ತದ."

"ಮುಚ್ಚಂಗಿಲ್ರಿ, ಎರಡೂ ಹೋಗ್ತಾವ. ಒಂದನ್ನ ಎಬ್ಬಸಬೇಕಂದ್ರ ನನಗ ಖಾಲಿ ಟ್ಯಾಂಕು ಬೇಕು. ಅದರಾಗ ಹೊಸ ಯೀಸ್ಟ್ ಬೆಳಸಿ, ಚೂರು ಚೂರು ಹಳೇದನ್ನ ಕೂಡಿಸಬೇಕು. ಬ್ಯಾರೆ ಟ್ಯಾಂಕಿಲ್ಲ."

"ಅಂದ್ರ?"

"ಎರಡನೇದನ್ನ ಚೆಲ್ಲಬೇಕ್ರಿ."

"ಲ್ಯಾಬಿನ ರಿಪೋರ್ಟ್ ಬಂತೇನು?"

"ಇಲ್ರಿ. ಬರೋತನಾ ಕಾದ್ರ ಒಂದನೇದೂ ಉಳಿಯಂಗಿಲ್ಲ."

"ನಿಮಗ ವಾಸನಿ ಬರಂಗಿಲ್ಲ. ರಿಪೋರ್ಟ್ ಇಲ್ಲ. ಮತ್ತ ಯಾರು ಹೇಳಿದ್ರು ಕೆಟ್ಟದ ಅಂತ?"

ನಾನು ಅಂಗಳದ ಕಡೆ ನೋಡಿದೆ. ಅಮ್ಮ ಬೇವಿನ ನೆರಳಲ್ಲಿ ತನ್ನ ತಂಬಿಗೆಯ ನೀರಿನಿಂದ ಕಣ್ಣು ತೊಳೆದುಕೊಳ್ಳುತ್ತಿದ್ದಳು. "ನಮ್ಮ ಅಮ್ಮ," ಎಂದೆ.

ಅವರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. "ನಿಮ್ಮ ಹಣೇಬಾರ," ಎಂದು ಫೋನ್ ಇಟ್ಟರು. ಬೇಡ ಎಂದಂತೂ ಹೇಳಿರಲಿಲ್ಲ.

ಅಬಕಾರಿಯವರಿಗೆ ತಿಳಿಸಿ, ಅವರ ಕಡೆಯವರು ಬಂದು ನೋಡಿದ ಮೇಲೆ ಎರಡನೇ ಟ್ಯಾಂಕಿನ ಕೆಳಗಿನ ವಾಲ್ವನ್ನು ನಾನೇ ತಿರುಗಿಸಿದೆ. ವಿಜಯಪುರದಿಂದ ಮರಳಿದ್ದ ಕೆಲಸಗಾರ ಮುಂದೆ ಬಂದು, "ನಾ ಮಾಡ್ತೀನಿ ಬಿಡ್ರಿ," ಎಂದ. ಬೇಡ ಎಂದೆ. ಹೊರಗಿನ ಗುಂಡಿಗೆ ಹೋಗುವ ಕಾಲುವೆಯಲ್ಲಿ ಅದು ಹರಿಯಿತು. ಬಣ್ಣ ಎಷ್ಟು ಚೆನ್ನಾಗಿತ್ತೆಂದರೆ, ಮೂರು ವರ್ಷದಲ್ಲಿ ಅಂಥ ಬಣ್ಣ ನಮಗೆ ಸಿಕ್ಕಿರಲಿಲ್ಲ. ನೊಣಗಳು ಮುತ್ತಿದವು. ಇನ್ನೂ ಹರಿಯುತ್ತಿರುವಾಗಲೇ, ಬಳ್ಳಿ ನೋಡಿಕೊಳ್ಳುವ ತೋಟದಾಕೆಗೆ ಫೋನ್ ಮಾಡಿ, "ಯವ್ವಾ, ಕೆಳಗಿನ ಸಾಲಿನ ಹಣ್ಣು ಹೋತು," ಎಂದೆ. "ಎಲ್ಲಿಗಿ ಹೋತ್ರಿ?" ಎಂದು ಕೇಳಿದಳು.

ಟ್ಯಾಂಕನ್ನು ಬಿಸಿನೀರಿನಿಂದ ತೊಳೆದು, ಉಗಿ ಹಾಯಿಸಿ, ಒಣಗಿಸಿದೆವು. ಹೊಸ ಯೀಸ್ಟನ್ನು ಬಕೆಟಿನಲ್ಲಿ ಎಬ್ಬಿಸಿದೆ. ಈ ಸಲ ನೊರೆ ಎದ್ದಿತು. ಅದಕ್ಕೆ ಸಕ್ಕರೆ ನೀರು, ಅದು ಹುರುಪಿನಿಂದ ತಿನ್ನತೊಡಗಿದ ಮೇಲೆ ಒಂದು ಚೊಂಬು ನಿಂತ ವೈನು. ಮದ್ಯದ ಹೊಡೆತಕ್ಕೆ ಯೀಸ್ಟ್ ಒಮ್ಮೆಲೇ ಸಾಯುತ್ತದೆ, ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಬೇಕು. ಬಕೆಟಿನಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಟ್ಯಾಂಕಿಗೆ. ಒಳಗಿರುವಷ್ಟೇ ನಿಂತ ವೈನು ಕೂಡಿಸಿ, ಸಕ್ಕರೆ ಅರ್ಧ ಇಳಿಯುವವರೆಗೆ ಕಾದು, ಮತ್ತೆ ಅಷ್ಟೇ ಕೂಡಿಸುವುದು. ಅವಸರ ಮಾಡಿದರೆ ಮತ್ತೆ ನಿಲ್ಲುತ್ತದೆ, ತಡಮಾಡಿದರೆ ಒಂದನೇ ಟ್ಯಾಂಕಿನಲ್ಲಿ ಕಾಯುತ್ತಿರುವುದು ಕೆಡುತ್ತದೆ. ನಡುವೆ ಒಮ್ಮೆ ನಿಂತೇಬಿಟ್ಟಿತು. ಹೈಡ್ರೋಮೀಟರ್ ಅಲುಗಲಿಲ್ಲ. ಕೂಡಿಸಿದ್ದು ತಂಪಾಗಿತ್ತು, ಯೀಸ್ಟ್ ಬೆಚ್ಚಿಬಿದ್ದಿತ್ತು. ಟ್ಯಾಂಕಿನ ಸುತ್ತ ಬಿಸಿನೀರಿನ ಪೈಪು ಸುತ್ತಿದೆವು. ಸ್ವಲ್ಪ ದಿನದ ಹಿಂದೆ ಐಸಿಗಾಗಿ ಓಡಿದ್ದ ಅದೇ ಜನ ಈಗ ನೀರು ಕಾಯಿಸುತ್ತಿದ್ದೆವು.

ಮೂಗಿಲ್ಲದ ನಾನು ಕಿವಿ ಹಚ್ಚುವುದನ್ನು ಕಲಿತೆ. ಸ್ಟೀಲಿನ ಮೈಗೆ ಕೆನ್ನೆ ಒತ್ತಿ, ಪಂಪು ಆರಿಸಿ, ಎಲ್ಲರಿಗೂ ಸುಮ್ಮನಿರಲು ಹೇಳಿ ನಿಲ್ಲುತ್ತಿದ್ದೆ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ, ದೂರದಲ್ಲಿ ಎಣ್ಣೆಗೆ ಸಾಸಿವೆ ಬಿದ್ದಂತೆ ಒಂದು ಚಿಟಿಚಿಟಿ. ಕೆಲಸಗಾರನನ್ನು ಕರೆದು ಅವನ ಕಿವಿಯನ್ನೂ ಹಚ್ಚಿಸಿದೆ.

"ಮಾತಾಡಾಕತ್ತಾದ್ರಿ," ಎಂದ.

ಅಮ್ಮ ಆ ದಿನಗಳಲ್ಲಿ ಮತ್ತೆ ಮತ್ತೆ ಬಂದಳು. ಕರೆಯುವ ಮೊದಲೇ ತಂಬಿಗೆ ಹಿಡಿದು ಸಿದ್ಧವಾಗಿರುತ್ತಿದ್ದಳು. ಏಣಿ ಹತ್ತಿ, ಮೂಸಿ, ಇಳಿದು, "ಕೆಟ್ಟಿಲ್ಲ" ಎಂಬ ಒಂದು ಮಾತು ಹೇಳಿ ಮನೆಗೆ ಹೋಗಿ ಸ್ನಾನ ಮಾಡುತ್ತಿದ್ದಳು. ಒಮ್ಮೆ ಕೇಳಿದೆ: "ಪಾಪ ಅಂತ ಅನಸ್ತದೇನಮ್ಮಾ?" "ಅನಸ್ತದ," ಎಂದಳು. "ಹಂಗಂತ ನಿನ್ನ ಬಿಡ್ಲಿಕ್ಕೆ ಬರ್ತದೇನು?"

ಈ ನಡುವೆ ಲ್ಯಾಬಿನ ಉತ್ತರವೂ ಬಂತು. ಎರಡನೆಯದು ಕೆಟ್ಟಿತ್ತು, ಒಂದನೆಯದು ಕೆಟ್ಟಿರಲಿಲ್ಲ. ಅದನ್ನು ಯಜಮಾನರಿಗೆ ಕಳಿಸಿದೆ. ಅರ್ಧ ಸುಗ್ಗಿ ಗುಂಡಿಗೆ ಹೋದ ಸುದ್ದಿಯಷ್ಟೇ ಅವರ ತಲೆಯಲ್ಲಿ ಉಳಿದಿತ್ತು.

ಕೊನೆಗೆ ಒಂದು ಬೆಳಿಗ್ಗೆ ಹೈಡ್ರೋಮೀಟರ್ ಸೊನ್ನೆಯ ಗೆರೆಗಿಂತ ಕೆಳಗೆ ಮುಳುಗಿತು. ಸಕ್ಕರೆ ಮುಗಿದಿತ್ತು. ಅದು ಈಗ ವೈನು. ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಕೆಲಸಗಾರ ಕಡ್ಡಿಯನ್ನು ತೊಳೆದು ಅದರ ಜಾಗಕ್ಕಿಟ್ಟ. ನಾನು ಒಂದು ಗುಟುಕು ಬಾಯಲ್ಲಿ ಹಿಡಿದೆ. ಹುಳಿ, ಸ್ವಲ್ಪ ಒಗರು, ಮದ್ಯದ ಬಿಸಿ. ಅಷ್ಟೇ. ಅದರಾಚೆ ಇರುವ ಹಣ್ಣು, ಮೆಣಸು, ಪಾಕ, ನಾನು ವರ್ಷಗಟ್ಟಲೆ ಹಂಬಲಿಸಿದ ಯಾವುದೂ ನನಗೆ ಸಿಗಲಿಲ್ಲ. ಉಗುಳಿದೆ.

ಯಜಮಾನರು ಅಂದೇ ಬಂದರು, ಸಿಟ್ಟಿನಲ್ಲೇ ಬಂದರು. ಲೋಟಕ್ಕೆ ಬಗ್ಗಿಸಿಕೊಟ್ಟೆ. ಬೆಳಕಿಗೆ ಹಿಡಿದರು, ಮೂಸಿದರು, ಗುಟುಕರಿಸಿದರು. ನಾನು ಅವರ ಮುಖವನ್ನು, ಓದು ಬಾರದವರು ಪತ್ರ ನೋಡುವಂತೆ ನೋಡುತ್ತಿದ್ದೆ. ಇನ್ನೊಂದು ಗುಟುಕು ಕುಡಿದು, ಕುರ್ಚಿ ಎಳೆದು ಕೂತರು.

"ಇದು ಆ ಗರಸು ನೆಲದ್ದೇನು?"

"ಹೌದ್ರಿ. ಮ್ಯಾಲಿನ ಸಾಲಿಂದು."

ಅವರು ಲೋಟ ಕೆಳಗಿಟ್ಟು ತಟ್ಟನೆ ಫೋನ್ ತೆಗೆದರು. ಅವರ ಬೆರಳು ತಡವರಿಸುವುದನ್ನು ನೋಡಿ ನನಗೆ ಏನೋ ಹೊಳೆಯಿತು.

"ತೋಟಕ್ಕ ಯಾರನ್ನರೆ ಕಳಿಸೀರೇನ್ರಿ?"

"ಮುಂಜಾನೆ ಜೆಸಿಬಿ ಕಳಿಸೀನಿ," ಎಂದರು. ಅತ್ತ ಕಡೆ ಯಾರೋ ಫೋನ್ ಎತ್ತಿದರು. "ಲೇ, ನಿಲ್ಸು! ಈಗಿಂದೀಗ ನಿಲ್ಸು!"

ನಾನು ಅವರ ಕಾರಿನಲ್ಲೇ ಹೊರಟೆ. ಗೂಗಲ್ ಮುಟ್ಟಿದೊಡನೆ ಇಳಿದು ತೋಟಕ್ಕೆ ಓಡಿದೆ. ಯಂತ್ರ ರಸ್ತೆಯ ಕಡೆಯಿಂದ, ಅಂದರೆ ಮೇಲಿನಿಂದ ಕೆಲಸ ಶುರುಮಾಡಿತ್ತು. ಮೇಲಿನ ಸಾಲುಗಳು ಒಂದೂ ಉಳಿದಿರಲಿಲ್ಲ. ಕಂಬಗಳು ಒಂದು ಕಡೆ, ಸುರುಳಿ ಸುತ್ತಿದ ತಂತಿ ಒಂದು ಕಡೆ. ಬಳ್ಳಿಗಳು ಬೇರು ಮೇಲೆ ಮಾಡಿ ಬಿದ್ದಿದ್ದವು. ಬೇರಿಗಂಟಿದ ಗರಸು ಆಗಲೇ ಒಣಗಿ ಉದುರುತ್ತಿತ್ತು. ಕೆಳಗಿನ ಸಾಲುಗಳ ಅಂಚಿನಲ್ಲಿ ಜೆಸಿಬಿ ಕೈ ಎತ್ತಿ ನಿಂತಿತ್ತು. ಅದರ ಮುಂದೆ, ತಂತಿಗೆ ಬೆನ್ನು ಕೊಟ್ಟು, ತೋಟದಾಕೆ ಕೂತಿದ್ದಳು.

"ಫೋನ್ ಬರೋಕಿಂತ ಮೊದ್ಲ ನಾ ಕುಂತಿದ್ದೆ ಇಲ್ಲಿ," ಎಂದಳು. "ಮ್ಯಾಲೆ ಹೊಕ್ಕಾಗ ನಾ ಮನ್ಯಾಗಿದ್ದೆ. ಸಪ್ಪಳ ಕೇಳಿ ಓಡಿ ಬರೂದರಾಗ ಅಷ್ಟು ಆಗಿತ್ತು."

ಯಜಮಾನರು ಕಾರಿನಿಂದ ಇಳಿಯಲಿಲ್ಲ.

ನಾನು ಉಳಿಸಿದ ವೈನು ಯಾವ ಬಳ್ಳಿಯದೋ ಆ ಬಳ್ಳಿ ಈಗ ಇರಲಿಲ್ಲ. ಯಾವುದರ ವೈನನ್ನು ನನ್ನ ಕೈಯಾರೆ ಚೆಲ್ಲಿದ್ದೆನೋ ಆ ಸಾಲುಗಳು ಮಾತ್ರ ನಿಂತಿದ್ದವು. ಇದನ್ನು ಅವಳಿಗೆ ಹೇಳಿದೆ.

ಅವಳು ಕಿತ್ತುಬಿದ್ದ ಬಳ್ಳಿಗಳಿಂದ ಒಂದಿಷ್ಟು ಕಡ್ಡಿ ಕತ್ತರಿಸಿ, ಹಸಿ ಗೋಣಿಯಲ್ಲಿ ಸುತ್ತಿಟ್ಟಿದ್ದಳು. "ಇವನ್ನ ಊರಿದ್ರ ಹತ್ತತಾವೇನ್ರಿ ಅಕ್ಕಾರ?"

"ಈ ಬಿಸಿಲಿಗೆ ಹತ್ತಂಗಿಲ್ಲ ಯವ್ವಾ."

ಅವಳು ಗೋಣಿಯನ್ನು ನೋಡಿದಳು, ಬಿಚ್ಚಲಿಲ್ಲ. "ನೋಡೂಣು. ನೆರಳಿಗೆ ಇಡ್ತೀನಿ," ಎಂದಳು. 

ಅವಳು ಎದ್ದು ಸೀರೆ ಕೊಡವಿಕೊಂಡಳು. ಬಳ್ಳಿಯನ್ನು ಹಿಂದಕ್ಕೆ ಕತ್ತರಿಸುವ ಕೆಲಸಕ್ಕೆ ನಮ್ಮ ಕಡೆ ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಚಾಟ್ನಿ ಆಗದಿದ್ದರೆ ಮುಂದಿನ ವರ್ಷ ಹಣ್ಣಿಲ್ಲ. ಕೆಳಗಿನ ಸಾಲುಗಳಿಗೆ ಅದು ಇನ್ನೂ ಆಗಿರಲಿಲ್ಲ. ಕೀಳಿಸಬಹುದಾದ ಬಳ್ಳಿಗೆ ಯಾಕೆ ಎಂದು ಕಂಪನಿಯವರು ಬಿಟ್ಟಿದ್ದರು.

"ಕತ್ರಿ ಇನ್ನೊಂದು ಅದ ಏನು?" ಎಂದು ಕೇಳಿದೆ.

ಅವಳು ತನ್ನ ಕೈಯಲ್ಲಿದ್ದುದನ್ನೇ ನನಗೆ ಕೊಟ್ಟು, ಇನ್ನೊಂದನ್ನು ತರಲು ಗುಡಿಸಲ ಕಡೆ ನಡೆದಳು. ಜೆಸಿಬಿಯವನು ಯಂತ್ರವನ್ನು ಹಿಂದಕ್ಕೆ ತೆಗೆದುಕೊಂಡ. ನಾನು ಮೊದಲ ಬಳ್ಳಿಯ ಕಾಂಡ ಹಿಡಿದು, ಚಿಗುರೊಡೆಯುವ ಒಂದು ಕಣ್ಣು ಉಳಿಸಿ ಮೇಲಿನದನ್ನು ಕತ್ತರಿಸಿದೆ. ಕತ್ತರಿಸಿದ ಬಾಯಲ್ಲಿ ನೀರು ಜಿನುಗಿ, ತುಂಬಿ, ನನ್ನ ಮಣಿಕಟ್ಟಿನ ಮೇಲೆ ಬಿತ್ತು. ತಣ್ಣಗಿತ್ತು. ಬೇರು ಇನ್ನೂ ಎಳೆಯುತ್ತಿತ್ತು.

ಮುಂದಿನ ಬಳ್ಳಿಗೆ ಸರಿದೆ.